ಮುಠೆಯ ನೀರು ಭೀಮೆಯನ್ನು ಸೇರುವ ಮುನ್ನ

ಸಿಂಹಗಡ ರಸ್ತೆಯ ವಿಠ್ಠಲವಾಡಿಯಲ್ಲಿ, ಮುಠಾ ನದಿಯ ದಂಡೆಗೆ ತಾಗಿದಂತೆ, ಒಂದು ಹಳೆಯ ವಿಠ್ಠಲ ಮಂದಿರವಿದೆ. ಪಂಢರಪುರದವರೆಗೆ ನಡೆದು ಹೋಗಲಾರದ ಪುಣೆಯ ಭಕ್ತರು ಆಷಾಢ ಏಕಾದಶಿಯಂದು ಇಲ್ಲಿಯೇ ಸಾಲುಗಟ್ಟಿ ನಿಂತು ದರ್ಶನ ಪಡೆಯುತ್ತಾರೆ. ಆದುದರಿಂದಲೇ ಈ ಸ್ಥಳಕ್ಕೆ ಪ್ರತಿಪಂಢರಪುರವೆಂಬ ಹೆಸರೂ ಬಂದಿದೆ. ವಿಠ್ಠಲನನ್ನು ಕರ್ನಾಟಕದವನೆಂದು ಸಂತ ಜ್ಞಾನೇಶ್ವರರೇ ಹಾಡಿರುವುದು ಸರ್ವವಿದಿತ. ಆದರೆ ಮಂದಿರದ ಕೆಳಗೆ ಹರಿಯುವ ನೀರು ಸಹ ಕರ್ನಾಟಕದ ಹಾದಿಯನ್ನೇ ಹಿಡಿದಿದೆ ಎಂಬುದು ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು.

ಮುಠೆಯು ಸಂಗಮದಲ್ಲಿ ಮುಳೆಯನ್ನು ಕೂಡಿ, ಮುಳಾ-ಮುಠಾ ಎಂಬ ಜೋಡು ಹೆಸರಿನಿಂದ ಪೂರ್ವಾಭಿಮುಖವಾಗಿ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆಯು ಉಜನಿ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಗಡಿಯಾಗಿ ಸಾಗಿ, ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ಕೊನೆಗೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಲೀನವಾಗುತ್ತದೆ. ಇಂಡಿ, ಅಫಜಲಪುರಗಳ ಕಡೆಯಿಂದ ಉದ್ಯೋಗವನ್ನರಸಿ ಪುಣೆಗೆ ಬಂದ ಕುಟುಂಬವೊಂದು ತನ್ನ ಬಚ್ಚಲಿನಿಂದ ಹೊರಗೆ ಬಿಡುವ ನೀರು ಹೀಗೆ ತವರಿನ ದಿಕ್ಕಿಗೇ ಹೊರಡುತ್ತದೆ. ಅದರ ಕೊಳೆಯ ಬಹುಭಾಗ ದಾರಿಯಲ್ಲಿ ಉಜನಿಯಲ್ಲಿಯೇ ತಂಗುವುದೆಂಬುದು ನಿಜ. ಆದರೆ ಆ ಉಜನಿಯೇ ಸೊಲ್ಲಾಪುರ ನಗರದ ಕುಡಿಯುವ ನೀರಿನ ಮೂಲ. ಸೊಲ್ಲಾಪುರದಲ್ಲಿ ಬಂಧುಬಳಗವಿಲ್ಲದ ಕನ್ನಡ ಕುಟುಂಬ ಪುಣೆಯಲ್ಲಿ ವಿರಳ.

ಈ ಮುಠಾ-ಮುಳಾ ನದಿಗಳನ್ನೂ ಅವುಗಳನ್ನು ಕೂಡುವ ರಾಮನದಿಯಂಥ ಚಿಕ್ಕ ಹೊಳೆಗಳನ್ನೂ ಉಳಿಸಿಕೊಳ್ಳಲು ನಗರದ ಅನೇಕ ಸೇವಾಸಂಸ್ಥೆಗಳು ಕಳೆದ ಒಂದು ದಶಕದಿಂದ ಒಂದುಗೂಡಿ ದುಡಿಯುತ್ತಿರುವ ವೃತ್ತಾಂತ ತಿಳಿಯತಕ್ಕದ್ದಾಗಿದೆ. ಅದನ್ನು ಅರಿಯಬೇಕಾದರೆ ಮೊದಲು ನದಿಯ ಜಮಾಖರ್ಚನ್ನು ನೋಡಬೇಕು.

ಜಮಾಖರ್ಚು

ಪುಣೆಗೆ ನೀರುಣಿಸುವ ಖಡಕವಾಸಲಾ, ಪಾನಶೇತ, ವರಸಗಾವ್, ಟೇಮಘರ್ ಎಂಬ ನಾಲ್ಕು ಜಲಾಶಯಗಳ ಒಟ್ಟು ಸಂಗ್ರಹ ಸುಮಾರು 29 ಟಿ.ಎಂ.ಸಿ. ಮಳೆಗಾಲ ಕಳೆದ ಮೇಲೆ ಖಡಕವಾಸಲೆಯ ಕೆಳಗೆ ನದಿಗೆಂದು ಬಿಡುವ ನೀರು ಇಲ್ಲವೆನ್ನುವಷ್ಟು ಕಡಿಮೆ. ಜಲಾಶಯದ ನೀರು ಕೊಳವೆಗಳ ಮೂಲಕ ಮನೆಗಳಿಗೂ ಕಾಲುವೆಗಳ ಮೂಲಕ ಹೊಲಗಳಿಗೂ ಹೋಗುತ್ತದೆ. ಮನೆಗಳಿಂದ ಮರಳಿ ಬರುವುದು ಕೊಳಚೆ. ಹಾಗಾಗಿ ಲಕಡೀ ಪೂಲಿನ ಮೇಲೆ ನಿಂತು ಚೈತ್ರ-ವೈಶಾಖಗಳಲ್ಲಿ ಕೆಳಗೆ ನೋಡುವವರು ಕಾಣುವುದು ಸಹ್ಯಾದ್ರಿಯಿಂದಿಳಿದ ಮುಠೆಯನ್ನಲ್ಲ, ನಗರವು ಬಳಸಿ ಬಿಟ್ಟ ನೀರನ್ನು. ಶುದ್ಧ ನೀರಿನ ಜಮೆಯೇ ಇಲ್ಲದ ಖಾತೆಯಲ್ಲಿ ಖರ್ಚು ಮಾತ್ರ ನಡೆಯುತ್ತಲೇ ಇದೆ.

2016ರ ಜನವರಿಯಲ್ಲಿ ಮುಳಾ-ಮುಠಾ ನದಿಯ ಮಾಲಿನ್ಯ ನಿವಾರಣೆಗೆಂದು 990.26 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರದ ಮಂಜೂರಾತಿ ದೊರೆಯಿತು. ಆಗಿನ ಲೆಕ್ಕದಂತೆ ನಗರದಲ್ಲಿದ್ದ ಶುದ್ಧೀಕರಣ ಕೇಂದ್ರಗಳ ಸಾಮರ್ಥ್ಯ ದಿನವೊಂದಕ್ಕೆ 477 ದಶಲಕ್ಷ ಲೀಟರುಗಳು. ಹೊರಬೀಳುವ ಕೊಳಚೆಯಾದರೋ ಸುಮಾರು 744 ದಶಲಕ್ಷ ಲೀಟರುಗಳು. ಉಳಿದುದು ನೇರವಾಗಿ ನದಿಗೆ. ಹೊಸ ಯೋಜನೆಯಲ್ಲಿ 11 ಕೇಂದ್ರಗಳನ್ನು ಕಟ್ಟಿ 396 ದಶಲಕ್ಷ ಲೀಟರುಗಳ ಸಾಮರ್ಥ್ಯವನ್ನು ಹೆಚ್ಚಿಸುವ ಉದ್ದೇಶವಿತ್ತು. ಜಪಾನಿನ ಸಹಕಾರ ಸಂಸ್ಥೆಯಾದ ಜೈಕಾ ಇದಕ್ಕೆ ಶೇಕಡಾ 0.30ರ ಬಡ್ಡಿಯಲ್ಲಿ, 40 ವರ್ಷಗಳ ಅವಧಿಗೆ ಸಾಲ ಕೊಟ್ಟಿತು. ಅದರಲ್ಲಿ ಮೊದಲ 10 ವರ್ಷ ಮರುಪಾವತಿಯೇ ಇಲ್ಲ. ಯೋಜನಾ ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡಾ 85, ಮಹಾನಗರಪಾಲಿಕೆಯದು ಶೇಕಡಾ 15. ಇಷ್ಟು ಅಗ್ಗದ ಹಣ ಜಗತ್ತಿನಲ್ಲಿ ಯಾವ ಸಾಲಗಾರನಿಗೂ ಸುಲಭವಾಗಿ ಸಿಕ್ಕುವುದಿಲ್ಲ. ಆದರೂ ಶಂಕುಸ್ಥಾಪನೆಯಾದುದು 2022ರ ಮಾರ್ಚಿನಲ್ಲಿ. ಮಂಜೂರಾತಿಗೂ ಶಂಕುಸ್ಥಾಪನೆಗೂ ನಡುವೆ ಆರು ವರ್ಷಗಳು ಕಳೆದವು. ಆ ಆರು ವರ್ಷ ನಗರವು ಬೆಳೆಯುವುದನ್ನು ನಿಲ್ಲಿಸಲಿಲ್ಲ.

ನದಿಗೆ ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ಶಕ್ತಿಯಿದೆಯಲ್ಲವೇ ಎಂದು ಕೇಳುವವರುಂಟು. ಇದೆ, ಆದರೆ ಅದಕ್ಕೊಂದು ಮಿತಿಯಿದೆ. ನೀರಿನಲ್ಲಿ ಕರಗಿದ ಆಮ್ಲಜನಕವೇ ನದಿಯ ಬಂಡವಾಳ. ಬಂಡೆಗಳ ಮೇಲೆ ಚಿಮ್ಮಿ ಹರಿಯುವಾಗ ಗಾಳಿಯಿಂದಲೂ, ಜಲಸಸ್ಯಗಳಿಂದಲೂ ಅದು ಸಂಗ್ರಹವಾಗುತ್ತದೆ. ಕೊಳಚೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನು ವ್ಯಯಿಸುತ್ತವೆ. ಸ್ನಾನಯೋಗ್ಯ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆದರೂ ಆಮ್ಲಜನಕವಿರಬೇಕು, ಕೊಳೆಯು ಬೇಡುವ ಆಮ್ಲಜನಕ 3 ಮಿಲಿಗ್ರಾಮನ್ನು ಮೀರಬಾರದು ಎಂಬುದು ನಮ್ಮ ದೇಶದಲ್ಲಿನ ನಿಯಮ. ಬೇಡಿಕೆಯು ಬಂಡವಾಳವನ್ನು ಮೀರಿದಾಗ ಮೀನುಗಳು ಮೊದಲು ಸಾಯುತ್ತವೆ. ಅನಂತರ ನೀರು ಕಪ್ಪಾಗಿ ದುರ್ಗಂಧ ಹೊರಡುತ್ತದೆ. ಅಷ್ಟಾದ ಮೇಲೆ ಉಳಿಯುವುದು ನೇರಳೆ ಹೂವಿನ ಜಲಪರ್ಣಿಯೆಂಬ ಕಳೆ ಮತ್ತು ಅದರ ಅಡಿಯಲ್ಲಿ ಬೆಳೆಯುವ ಸೊಳ್ಳೆ.

ಕೈಗೂಡಿಸಿದವರು

ಪುಣೆಯಲ್ಲಿ ನದಿಯ ಬಗೆಗೆ ಕಾಳಜಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ನದಿಯ ಸಿಟ್ಟನ್ನು ಈ ನಗರ ಕಂಡಿದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ಹಿಂದೆಯೇ ಖಡಕವಾಸಲೆಯೂ ಒಡೆದು, ಹಳೆಯ ಪೇಠೆಗಳು ಮುಳುಗಿದ ದಿನವನ್ನು ಹಿರಿಯರು ಇಂದಿಗೂ ವರ್ಷ ಎಣಿಸುವ ಗುರುತಾಗಿ ಬಳಸುತ್ತಾರೆ. ಪಕ್ಷಿವೀಕ್ಷಕರಾಗಿ ಪ್ರಸಿದ್ಧರಾದ ಪ್ರಕಾಶ ಗೋಳೆಯವರು 1982ರಲ್ಲಿ ಸ್ಥಾಪಿಸಿದ ಇಕಾಲಜಿಕಲ್ ಸೊಸೈಟಿಯು ನಿಸರ್ಗ ಸಂಪತ್ತಿನ ನಿರ್ವಹಣೆಯನ್ನು ಸಾಮಾನ್ಯ ನಾಗರಿಕರಿಗೆ ಕಲಿಸುವ ತರಗತಿಗಳನ್ನು ನಡೆಸಿತು. ಅಲ್ಲಿ ಕಲಿತ ಕೆಲವರು 2014ರ ಸುಮಾರಿಗೆ ಒಂದುಗೂಡಿ ಕಟ್ಟಿದುದೇ ‘ಜೀವಿತ್ ನದಿ’ ಎಂಬ ಸಂಸ್ಥೆ.

ಇವರ ಕೆಲಸದ ರೀತಿ ವಿಚಾರಾರ್ಹವಾದುದು. ಇಡೀ ನದಿಯನ್ನು ಉದ್ಧರಿಸುವೆವೆಂಬ ಘೋಷಣೆಗಿಂತ ದಂಡೆಯ ಒಂದೊಂದು ತುಣುಕನ್ನು ದತ್ತು ತೆಗೆದುಕೊಳ್ಳುವ ಹಾದಿಯನ್ನು ಇವರು ಹಿಡಿದರು. ವಿಠ್ಠಲವಾಡಿಯಲ್ಲಿ ಮುಠೆಯ ದಡ, ಔಂಧ್‌ನಲ್ಲಿ ರಾಮನದಿಯು ಮುಳೆಯನ್ನು ಕೂಡುವ ಸ್ಥಳ ಇವು ಹೀಗೆ ದತ್ತಕಕ್ಕೆ ಸೇರಿದವು. ಸ್ವಯಂಸೇವಕರು ಸೇರಿ ಪ್ಲಾಸ್ಟಿಕ್ಕು, ಹರಕು ಬಟ್ಟೆ, ದೇವರ ಹಳೆಯ ಪಟಗಳನ್ನು ಆಯುತ್ತಾರೆ. ಪರಸ್ಥಳದ ಕಳೆಯನ್ನು ಕಿತ್ತು ದಂಡೆಯಲ್ಲಿ ತಾನಾಗಿ ಬೆಳೆಯಬೇಕಾದ ಗಿಡಗಳಿಗೆ ಎಡೆಮಾಡಿಕೊಡುತ್ತಾರೆ. ಮಕ್ಕಳನ್ನೂ ಹಿರಿಯರನ್ನೂ ನದಿಯ ಪಕ್ಕದಲ್ಲಿ ನಡೆಸಿಕೊಂಡು ಹೋಗಿ ಇತಿಹಾಸ ಹೇಳುತ್ತಾರೆ. ಬಾಲ್ಕನಿಯಿಂದ ನದಿಯನ್ನು ಕಂಡು ಮೂಗು ಮುಚ್ಚಿಕೊಂಡವರು ಅದರ ಪಕ್ಕದಲ್ಲಿ ಒಂದು ಗಂಟೆ ನಡೆದ ಮೇಲೆ ಬೇರೆ ಮಾತನಾಡುತ್ತಾರೆಂಬುದು ಇವರ ಅನುಭವ.

ಪಾಷಾಣದ ಕಡೆಗೆ ಇನ್ನೊಂದು ಪ್ರಯತ್ನ. ಭೂಕುಮ್ ಪರಿಸರದಲ್ಲಿ ಹುಟ್ಟಿ, ಬಾವಧನವನ್ನು ದಾಟಿ, ಬ್ರಿಟಿಷರ ಕಾಲದ ಪಾಷಾಣ ಕೆರೆಯನ್ನು ತುಂಬಿ, ಬಾಣೇರ್ ಮಾರ್ಗವಾಗಿ ಮುಳೆಯನ್ನು ಸೇರುವ ರಾಮನದಿಯು ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ಉದ್ದದ ಹೊಳೆ. ಕಟ್ಟಡಗಳು ಅದರ ಎರಡೂ ಮಗ್ಗುಲುಗಳನ್ನು ಒತ್ತಿ ಹಿಡಿದಿವೆ. ಇದರ ಪುನರುಜ್ಜೀವನಕ್ಕಾಗಿ 2019ರಲ್ಲಿ ಆರಂಭವಾದ ಅಭಿಯಾನಕ್ಕೆ ಕಿರ್ಲೋಸ್ಕರ ಮನೆತನದ ಉದ್ಯಮಗಳ ಆಶ್ರಯವಿದೆ. ಆ ಮನೆತನದ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ, ಎಂಬುದನ್ನು ಕನ್ನಡಿಗರು ಕೊಂಚ ಅಭಿಮಾನದಿಂದಲೇ ನೆನೆಯಬಹುದು. ಗಣೇಶ ವಿಸರ್ಜನೆಯ ಕಾಲಕ್ಕೆ ಘಾಟುಗಳಲ್ಲಿ ನಿಂತು ಹೂಪತ್ರೆಗಳು ನೀರಿಗೆ ಬೀಳುವ ಮೊದಲೇ ಅವನ್ನು ಪಡೆದುಕೊಳ್ಳುವವರು ‘ಸ್ವಚ್ಛ’ ಸಹಕಾರಿ ಸಂಘದ ಕಸ ಆಯುವ ಹೆಣ್ಣುಮಕ್ಕಳು. ಅವರ ಹೆಸರು ಸನ್ಮಾನದ ಪಟ್ಟಿಗಳಲ್ಲಿ ಕಾಣುವುದಿಲ್ಲ.

ನ್ಯಾಯಾಲಯದ ಹಾದಿಯನ್ನು ಹಿಡಿದವರು ಬೇರೆ. ವಿಠ್ಠಲವಾಡಿಯಿಂದ ಹೆದ್ದಾರಿಯವರೆಗೆ ನದಿಯ ಪಾತ್ರದಲ್ಲಿಯೇ ಮಣ್ಣು ಸುರಿದು ರಸ್ತೆ ಮಾಡಹೊರಟಾಗ ವಾಸ್ತುಶಿಲ್ಪಿ ಸಾರಂಗ ಯಾದವಾಡಕರ್ ಮತ್ತಿತರರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆ ಹೊಕ್ಕರು. 2013ರಲ್ಲಿ ತೀರ್ಪು ರಸ್ತೆಯ ವಿರುದ್ಧವಾಯಿತು. ಇಪ್ಪತ್ತೈದು ವರ್ಷಗಳಿಗೊಮ್ಮೆ ಬರುವ ನೆರೆಯ ಮಟ್ಟವನ್ನು ತೋರಿಸುವ ಗೆರೆಗೆ ನೀಲಿರೇಖೆಯೆಂದೂ, ನೂರು ವರ್ಷಗಳಿಗೊಮ್ಮೆ ಬರುವುದಕ್ಕೆ ಕೆಂಪುರೇಖೆಯೆಂದೂ ಹೆಸರು. ಈ ಎರಡು ಶಬ್ದಗಳು ನೀರಾವರಿ ಇಲಾಖೆಯ ನಕ್ಷೆಗಳಿಂದ ಹೊರಬಂದು ಪುಣೆಯ ಸಾಮಾನ್ಯ ನಾಗರಿಕರ ಬಾಯಿಗೆ ಬಂದುದು ಇಂಥ ವ್ಯಾಜ್ಯಗಳಿಂದಲೇ.

ಬೇರೆ ಬೇರೆಯಾಗಿ ದುಡಿಯುತ್ತಿದ್ದ ಇವರನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸಿದುದು ನದೀತೀರ ಅಭಿವೃದ್ಧಿ ಯೋಜನೆ. ಮುಳಾ, ಮುಠಾ, ಮುಳಾ-ಮುಠಾಗಳ 44 ಕಿಲೋಮೀಟರ್ ಉದ್ದಕ್ಕೆ ದಂಡೆಗಳನ್ನು ಕಟ್ಟಿ, ಕಾಲುದಾರಿ, ಉದ್ಯಾನ ಮುಂತಾದವನ್ನು ನಿರ್ಮಿಸುವ ಈ ಯೋಜನೆಯ ಅಂದಾಜು ವೆಚ್ಚ 4,700 ಕೋಟಿ ರೂಪಾಯಿಗಳನ್ನು ಮೀರಿದ್ದು, ಅಹಮದಾಬಾದಿನ ಸಾಬರಮತಿಯ ದಂಡೆ ಅದಕ್ಕೆ ಮಾದರಿ. ಪಾಲಿಕೆಯ ವಾದವನ್ನೂ ಕೇಳಬೇಕು: ಕಸ ಸುರಿಯುವ ತಿಪ್ಪೆಯಾಗಿರುವ ದಂಡೆಯು ಜನರು ಓಡಾಡುವ ತಾಣವಾದರೆ ನದಿಯತ್ತ ನಗರದ ಮುಖ ತಿರುಗುತ್ತದೆ, ಕಟ್ಟಿದ ದಂಡೆಯಿಂದ ನೆರೆಯೂ ಹತೋಟಿಗೆ ಬರುತ್ತದೆ ಎಂಬುದು ಅವರ ನಿಲುವು. ಇದು ತಳ್ಳಿಹಾಕುವಂಥ ಮಾತಲ್ಲ; ಜನರಿಗೆ ಸಂಜೆ ಕುಳಿತುಕೊಳ್ಳಲು ಸ್ಥಳ ಬೇಕು. ಆದರೆ ಕೊಳಚೆಯನ್ನು ತಡೆಯುವ ಮೊದಲೇ ದಂಡೆಯನ್ನು ಕಟ್ಟಿದರೆ ಉದ್ಯಾನದ ಬೆಂಚಿನ ಮುಂದೆ ಹರಿಯುವುದು ಗಟಾರವೇ ಅಲ್ಲವೇ, ಪಾತ್ರವನ್ನು ಇಕ್ಕಟ್ಟುಗೊಳಿಸಿದರೆ ನೀರಿನ ಮಟ್ಟ ಏರುವುದಿಲ್ಲವೇ, ದಂಡೆಯ ಅತ್ತಿ ಹೊಂಗೆಗಳನ್ನು ಕಡಿದ ಮೇಲೆ ಹಕ್ಕಿಗಳೆಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆಯಲಿಲ್ಲವೆಂದು ಸಂಸ್ಥೆಗಳು ಹೇಳಿದವು. ‘ಪುಣೆ ರಿವರ್ ರಿವೈವಲ್’ ಎಂಬ ಹೆಸರಿನಲ್ಲಿ ಅವೆಲ್ಲ ಕೂಡಿದುವು. 2023ರ ಏಪ್ರಿಲ್ 29ರಂದು ಮರಗಳ ರಕ್ಷಣೆಗಾಗಿ ಸಾವಿರಾರು ಜನ ಬೀದಿಗಿಳಿದು ನದಿಯವರೆಗೆ ನಡೆದರು. ಪಕ್ಷಗಳ ಬಾವುಟಗಳಿಗಿಂತ ಮನೆಯಲ್ಲಿ ಕೈಯಿಂದ ಬರೆದ ಫಲಕಗಳೇ ಅಲ್ಲಿ ಹೆಚ್ಚು. 2025ರ ಫೆಬ್ರವರಿಯಲ್ಲಿ ರಾಮ-ಮುಳಾ ಸಂಗಮದ ದಂಡೆಗಾಡಿಗಾಗಿ ಜನರು ಮತ್ತೊಮ್ಮೆ ದೊಡ್ಡ ಸಂಖ್ಯೆಯಲ್ಲಿ ಕೂಡಿದರು.

ಇಂಥ ಕೂಟಗಳಲ್ಲಿ ಎಲ್ಲರದೂ ಏಕಾಭಿಪ್ರಾಯವೆಂದು ಭಾವಿಸಬಾರದು. ಪಾಲಿಕೆಯೊಡನೆ ಕುಳಿತು ಮಾತನಾಡಿ ಸಾಧಿಸಬೇಕೆನ್ನುವವರು, ನ್ಯಾಯಾಲಯದ ಹೊರತು ಗತಿಯಿಲ್ಲವೆನ್ನುವವರು, ಎರಡೂ ಬೇಡ, ಕೈಗೆ ಕೈಚೀಲ ತೊಟ್ಟು ಕಸ ಆಯೋಣವೆನ್ನುವವರು, ಹೀಗೆ ಮೂರು ಬಗೆಯ ಜನರು ಎಲ್ಲ ಕಡೆಯೂ ಇರುತ್ತಾರೆ. ಪುಣೆಯ ವಿಶೇಷವೆಂದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸದೆ ಹಂಚಿಕೊಂಡುದು.

2024ರ ಜುಲೈ 25ರ ನಸುಕಿನಲ್ಲಿ ಇವರ ವಾದಕ್ಕೆ ಯಾರೂ ಬಯಸದ ರೀತಿಯಲ್ಲಿ ಸಾಕ್ಷ್ಯ ಒದಗಿತು. ಖಡಕವಾಸಲೆಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೊರಬಿದ್ದು ಸಿಂಹಗಡ ರಸ್ತೆಯ ಏಕತಾನಗರಿಯ ಕಟ್ಟಡಗಳಿಗೆ ನುಗ್ಗಿತು. ಹಿಂದೆ ಇದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಹೊತ್ತು ಹರಿದ ನದಿಯದು. ಅದಕ್ಕೂ ಮುಂಚೆ, 2019ರ ಸೆಪ್ಟೆಂಬರ್ 25ರ ರಾತ್ರಿ, ಕಾತ್ರಜದ ಕಡೆಯಿಂದ ಬರುವ ಅಂಬಿಲ್ ಓಢೆಯೆಂಬ ಹಳ್ಳವು ಉಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆದಿತ್ತು.

ಆರೋಗ್ಯದ ಪ್ರಶ್ನೆ

ನದಿಯ ವಿಷಯ ಪರಿಸರಪ್ರೇಮಿಗಳಿಗೆ ಬಿಟ್ಟುಬಿಡುವಂಥದೆಂದು ಭಾವಿಸಿದ್ದವರನ್ನು 2025ರ ಜನವರಿ ಎಚ್ಚರಿಸಿತು. ನಾಂದೇಡ ಗ್ರಾಮ, ಕಿರಕಟವಾಡಿ, ಧಾಯರಿ ಮುಂತಾಗಿ ಸಿಂಹಗಡ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ಗಿಯಾನ್-ಬಾರೆ ಎಂಬ ನರರೋಗ ಕಾಣಿಸಿಕೊಂಡು ಕೆಲವೇ ವಾರಗಳಲ್ಲಿ ರೋಗಿಗಳ ಸಂಖ್ಯೆ 200ನ್ನು ದಾಟಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಈ ಊರುಗಳು 2017 ಮತ್ತು 2021ರಲ್ಲಿ ಮಹಾನಗರಪಾಲಿಕೆಗೆ ಸೇರಿದಂಥವು. ಮನೆಗಳು ಮೊದಲು ಬಂದುವು, ಕೊಳವೆಗಳು ಅನಂತರ. ನಾಂದೇಡದ ದೊಡ್ಡ ಬಾವಿಯೊಂದರ ನೀರಿನ ಮೇಲೆ ಮೊದಲ ಅನುಮಾನ ಹೋಯಿತು. ರೋಗಿಗಳ ಮಲಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ರೋಗಾಣು ಹಲವರಲ್ಲಿ ಕಂಡುಬಂದಿತು.

1916ರಲ್ಲಿ ಫ್ರೆಂಚ್ ವೈದ್ಯರು ವರ್ಣಿಸಿದ ಈ ರೋಗ ಅಂಟುರೋಗವಲ್ಲ. ಭೇದಿ ಅಥವಾ ಜ್ವರವನ್ನು ಎದುರಿಸಲು ದೇಹವು ಸಿದ್ಧಪಡಿಸಿದ ರಕ್ಷಣಾಶಕ್ತಿಯೇ ಗುರಿ ತಪ್ಪಿ ಸ್ವಂತ ನರಗಳ ಮೇಲೆ ಎರಗುತ್ತದೆ. ಭೇದಿ ನಿಂತು ಒಂದರಿಂದ ಮೂರು ವಾರಗಳಲ್ಲಿ ಕಾಲುಗಳಲ್ಲಿ ಜೋಮು, ಏಳಲು ಮೆಟ್ಟಿಲೇರಲು ಆಗದಷ್ಟು ನಿಶ್ಶಕ್ತಿ ತೋರಿ, ಅದು ಮೇಲಕ್ಕೆ ಏರುತ್ತ ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ಬಹುತೇಕ ರೋಗಿಗಳು ಗುಣವಾಗುತ್ತಾರೆ. ಆದರೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಅಥವಾ ರಕ್ತದ ಪ್ಲಾಸ್ಮಾ ಬದಲಾವಣೆ ಬೇಗನೆ ದೊರೆಯಬೇಕು. ಮಧ್ಯಮವರ್ಗದ ಮನೆಯ ಹಲವು ವರ್ಷಗಳ ಉಳಿತಾಯವನ್ನು ನುಂಗುವಂಥ ಚಿಕಿತ್ಸೆಯದು. ಆದ್ದರಿಂದ ಭೇದಿಯಾದ ಮೇಲೆ ಕಾಲು ಸೋಲುತ್ತಿದ್ದರೆ ವಾತವೆಂದು ಎಣ್ಣೆ ತಿಕ್ಕುತ್ತ ಕೂಡದೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಕಾಮಾಲೆಯ ಕಥೆಯೂ ಇಂಥದೇ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ನೆರೆಯಿಂದಾಗಿ ಕೊಳಚೆಯು ಕುಡಿಯುವ ನೀರೆತ್ತುವ ಜಾಗಕ್ಕೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಇಂದು ಹೆಪಟೈಟಿಸ್ ಇ ಎಂದು ಕರೆಯುವ ರೋಗವೆಂಬುದು ದಶಕಗಳ ಬಳಿಕ ತಿಳಿದುಬಂದಿತು. ಗರ್ಭಿಣಿಯರಿಗೆ ಈ ಕಾಮಾಲೆ ವಿಶೇಷ ಅಪಾಯಕಾರಿ. ನೀರನ್ನು ಕೊತಕೊತ ಕುದಿಯುವವರೆಗೆ ಕಾಯಿಸಿ, ಹಾಗೆಯೇ ಒಂದು ನಿಮಿಷ ಬಿಟ್ಟರೆ ಈ ರೋಗಾಣುಗಳು ಸಾಯುತ್ತವೆ. ಟ್ಯಾಂಕರಿನ ನೀರು, ಡಬ್ಬದಲ್ಲಿ ಬರುವ ನೀರು ಶುದ್ಧವೆಂದು ನಂಬಲು ಆಧಾರವಿಲ್ಲ; 2025ರ ಆ ವಾರಗಳಲ್ಲಿ ಪಾಲಿಕೆಯು ಬಾಗಿಲು ಮುಚ್ಚಿಸಿದವುಗಳಲ್ಲಿ ಖಾಸಗಿ ಶುದ್ಧೀಕರಣ ಘಟಕಗಳೂ ಇದ್ದುವು. ಸೊಳ್ಳೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಡೆಂಗಿ ಹರಡುವ ಸೊಳ್ಳೆ ಮನೆಯ ಸ್ವಚ್ಛ ನೀರಿನಲ್ಲಿ ಹುಟ್ಟುತ್ತದೆ, ನದಿಯಲ್ಲಲ್ಲ. ನದಿಯ ನಿಂತ ಕೊಳೆಯಲ್ಲಿ ಹುಟ್ಟುವುದು ಆನೆಕಾಲು ರೋಗವನ್ನು ಹರಡಬಲ್ಲ ಕ್ಯೂಲೆಕ್ಸ್.

ತವರಿನ ಕೆರೆಗಳು

ಇದೇ ಪಾಠವನ್ನು ಬೆಂಗಳೂರು ಬೇರೆ ದಾರಿಯಲ್ಲಿ ಕಲಿಯಿತು. ನೊರೆಯುಗುಳಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆಯ ಚಿತ್ರಗಳನ್ನು ಲೋಕವೆಲ್ಲ ಕಂಡಿದೆ. ಅದಕ್ಕೂ ಮೊದಲೇ, 2008ರಲ್ಲಿ, ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯು ಹೈಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ದಾವೆಯಿಂದ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ನೇಮಕವಾಗಿ, ಕೆರೆಗಳ ರಕ್ಷಣೆಗೆ ಮಾರ್ಗಸೂಚಿಗಳು ದೊರೆತವು. ಪುಟ್ಟೇನಹಳ್ಳಿಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಕೆರೆಯ ನಿರ್ವಹಣೆಯನ್ನು ವಹಿಸಿಕೊಂಡರು. ಕೈಕೊಂಡ್ರಹಳ್ಳಿಯಲ್ಲಿಯೂ ಹಾಗೆಯೇ ಆಯಿತು. ಜಕ್ಕೂರಿನ ವ್ಯವಸ್ಥೆ ಎಲ್ಲಕ್ಕಿಂತ ಅರ್ಥಪೂರ್ಣ: ಕೊಳಚೆಯು ಮೊದಲು ಶುದ್ಧೀಕರಣ ಕೇಂದ್ರಕ್ಕೆ, ಅಲ್ಲಿಂದ ಜೊಂಡುಹುಲ್ಲಿನ ಜೌಗಿಗೆ, ಜೌಗು ಸೋಸಿದ ಮೇಲೆ ಕೆರೆಗೆ. ಪುಣೆಯ ಸಂಸ್ಥೆಗಳು ಕೇಳುತ್ತಿರುವ ಕ್ರಮವೂ ಇದೇ. ಮೊದಲು ನೀರು, ಬೆಂಚು ಆಮೇಲೆ.

ಒಪ್ಪಂದವೆಂಬ ಕಾಗದಕ್ಕೂ ಆಯುಸ್ಸುಂಟು. ಕೆರೆಗಳ ಬಗೆಗೆ ಖಾಸಗಿಯವರೊಡನೆ ಮಾಡಿಕೊಂಡ ಒಪ್ಪಂದಗಳನ್ನು ಹೈಕೋರ್ಟು 2020ರಲ್ಲಿ ತಡೆದಾಗ ಬೆಂಗಳೂರಿನ ಇಂಥ ಟ್ರಸ್ಟುಗಳೂ ಇಕ್ಕಟ್ಟಿಗೆ ಸಿಕ್ಕಿದವು. ಹತ್ತು ವರ್ಷ ಕಳೆ ಕಿತ್ತವರಿಗೆ ಕೆರೆಯ ಮೇಲೆ ಕಾಗದದ ಹಕ್ಕು ಇಲ್ಲವಾಯಿತು. ಕಳೆ ಮಾತ್ರ ತಪ್ಪದೆ ಬೆಳೆಯಿತು.

ಮನೆಯ ಬಚ್ಚಲು

ಜೀವಿತ್ ನದಿಯವರು ದಂಡೆಯ ಕೆಲಸದಷ್ಟೇ ಶ್ರಮವನ್ನು ಅಡಿಗೆಮನೆ, ಬಚ್ಚಲುಗಳ ಮೇಲೂ ವ್ಯಯಿಸುತ್ತಾರೆ. ನದಿಗೆ ಸೇರುವ ಕೊಳೆಯ ಬಹುಪಾಲು ಕಾರ್ಖಾನೆಗಳದಲ್ಲ, ಮನೆಗಳದು. ಕೊಳಚೆಯ ಶುದ್ಧೀಕರಣ ಕೇಂದ್ರವು ಮಲವನ್ನು ಕರಗಿಸಬಲ್ಲದು. ಆದರೆ ಪಾತ್ರೆ ತೊಳೆಯುವ ಪುಡಿ, ನೆಲ ಒರೆಸುವ ದ್ರಾವಣ, ತಲೆಗೆ ಹಚ್ಚುವ ಶಾಂಪೂಗಳಲ್ಲಿನ ರಾಸಾಯನಿಕಗಳಲ್ಲಿ ಎಲ್ಲವನ್ನೂ ತೆಗೆಯಲು ಅದಕ್ಕಾಗುವುದಿಲ್ಲ. ನದಿಯ ಮೇಲೆ ತೇಲುವ ನೊರೆಗೆ ಇವುಗಳ ಕೊಡುಗೆ ದೊಡ್ಡದು. ಅವುಗಳಿಗೆ ಬದಲಾಗಿ ರಿಠಾದ ಕಾಯಿಯನ್ನು ಬಳಸುವುದನ್ನು ಇವರು ಗೃಹಿಣಿಯರಿಗೆ ತೋರಿಸಿಕೊಡುತ್ತಾರೆ. ರಿಠಾ ಎಂದರೆ ನಮ್ಮ ಅಂಟುವಾಳ. ಅಜ್ಜಿಯರು ರೇಷ್ಮೆಸೀರೆ ತೊಳೆಯಲು ಬಳಸುತ್ತಿದ್ದುದು ಅದನ್ನೇ. ರಾತ್ರಿ ನೆನೆಹಾಕಿದ ಹತ್ತು ಹದಿನೈದು ಕಾಯಿಗಳನ್ನು ಬೆಳಿಗ್ಗೆ ಕುದಿಸಿ ಸೋಸಿದರೆ ಎರಡು ದಿನದ ಪಾತ್ರೆಗಳಿಗೆ ಸಾಕಾಗುತ್ತದೆ. ಜಿಡ್ಡು ಹೆಚ್ಚಾದ ಬಾಣಲೆಗೆ ಸ್ವಲ್ಪ ಬೂದಿಯೋ ಕಡಲೆಹಿಟ್ಟೋ ಬೇಕಾಗುತ್ತದೆ, ತೋಳಿಗೂ ಕೊಂಚ ಕೆಲಸ ಬೀಳುತ್ತದೆ.

ಪ್ರತಿವರ್ಷ ಮಳೆ ಬಲಿತು ಖಡಕವಾಸಲೆಯ ಬಾಗಿಲುಗಳು ತೆರೆದಾಗ ವಿಠ್ಠಲವಾಡಿಯ ದತ್ತು ದಂಡೆ ಮುಳುಗುತ್ತದೆ. ಆ ಕೆಲವು ದಿನ ನದಿಯು ಕೆಂಪು ನೀರು ಹೊತ್ತು ತುಂಬಿ ಹರಿಯುತ್ತದೆ. ಮಂದಿರಕ್ಕೆ ಬಂದವರು ಹರಕೆಯ ಹೂವನ್ನು ಕೈಯಲ್ಲಿ ಹಿಡಿದು ನಿಂತು ನೋಡುತ್ತಾರೆ. ನೀರಿಳಿದ ಮೇಲೆ ನೆಟ್ಟ ಗಿಡಗಳಲ್ಲಿ ಕೆಲವು ಇರುತ್ತವೆ, ಕೆಲವು ಇರುವುದಿಲ್ಲ; ಉಳಿದ ಕೊಂಬೆಗಳಿಗೆ ಮೇಲಿನಿಂದ ತೇಲಿಬಂದ ಪ್ಲಾಸ್ಟಿಕ್ ಚೀಲಗಳು ಸುತ್ತಿಕೊಂಡಿರುತ್ತವೆ. ಸ್ವಯಂಸೇವಕರು ಗೋಣಿಚೀಲಗಳನ್ನು ಹಿಡಿದು ಮತ್ತೆ ದಂಡೆಗಿಳಿಯುತ್ತಾರೆ.